ಮಿಷನ್ ಕಾಂಪೌಂಡಿನ ಆಚೆ: ಬೀದರಿನ ಒಬ್ಬ ನಿವೃತ್ತ ಪಾಸ್ಟರ್ ಮತ್ತು ಎರಡು ಹೆಸರಿನ ಜನ

ಬೀದರ್ ಬಸ್ ನಿಲ್ದಾಣದಲ್ಲಿ ಇಳಿದು ಆಟೋದವರಿಗೆ ‘ಮಿಷನ್’ ಅಂದರೆ ಸಾಕು. ಯಾವ ಮಿಷನ್, ಯಾಕೆ ಅಂತ ಕೇಳೋದಿಲ್ಲ. ಮಂಗಲಪೇಟ್ ಕಡೆ ಗಾಡಿ ತಿರುಗಿಸುತ್ತಾರೆ. ಮಿಷನ್ ಶಾಲೆ, ಮಿಷನ್ ದವಾಖಾನೆ, ಮಿಷನ್ ಕಾಂಪೌಂಡ್. ನಮ್ಮೂರಲ್ಲಿ ಈ ಪದಕ್ಕೆ ಗೋಡೆ ಇದೆ, ಗೇಟಿದೆ, ಗೇಟಿಗೊಬ್ಬ ವಾಚ್‌ಮನ್ ಇದ್ದಾನೆ.

“ಅದೇ ನೋಡ್ ತಮ್ಮಾ ನಮ್ಮ ತೊಂದ್ರಿ” ಅಂದರು ಪಾಸ್ಟರ್ ಅಜ್ಜ. “ಮಿಷನ್ ಅಂದ್ರ ಹೊರಗ ಹೋಗೋದು. ನಾವು ಒಳಗ ಕುಂತ್ವಿ.”

ಅವರ ಹೆಸರು ಬರೆಯೋದಿಲ್ಲ. ಯಾಕೆ ಅನ್ನೋದು ಮುಂದೆ ಗೊತ್ತಾಗುತ್ತದೆ. ಮೆಥೋಡಿಸ್ಟ್ ಚರ್ಚಿನಲ್ಲಿ 38 ವರ್ಷ ಕೆಲಸ ಮಾಡಿದವರು. ಬೀದರ್, ಕಲಬುರಗಿ, ಯಾದಗಿರಿ ಮೂರೂ ಕಡೆ ಇದ್ದವರು. ಮೆಥೋಡಿಸ್ಟರಲ್ಲಿ ಪಾಸ್ಟರ್ ಒಂದೇ ಊರಲ್ಲಿ ಬೇರು ಬಿಡುವ ಹಾಗಿಲ್ಲ. ವಾರ್ಷಿಕ ಕಾನ್ಫರೆನ್ಸಿನಲ್ಲಿ ಬಿಷಪ್ ಪಟ್ಟಿ ಓದುತ್ತಾರೆ. ಹೆಸರು ಬಂದರೆ ಪೆಟ್ಟಿಗೆ ಕಟ್ಟಬೇಕು. ನಿವೃತ್ತಿಯ ದಿನ ಪಾರ್ಸನೇಜಿನ, ಅಂದರೆ ಚರ್ಚು ಕೊಟ್ಟ ಮನೆಯ, ಕೀಲಿಯನ್ನೂ ವಾಪಸ್ ಕೊಡಬೇಕು. ಈಗ ಅಜ್ಜ ಮತ್ತು ಅವರ ಹೆಂಡತಿ ಊರ ಅಂಚಿನ ಒಂದು ಲೇಔಟಿನಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದಿದ್ದಾರೆ. ಜೀವನವಿಡೀ ಬೇರೆಯವರಿಗೆ ಮನೆಯ ಹಕ್ಕುಪತ್ರ ಕೊಡಿಸಲು ಓಡಾಡಿದ ಮನುಷ್ಯನ ಹೆಸರಿಗೆ ಒಂದು ಗುಂಟೆಯೂ ಇಲ್ಲ. ಇದನ್ನು ಅವರು ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ.

ಮಂಚದ ಕೆಳಗೆ ಒಂದು ತಗಡಿನ ಟ್ರಂಕು. ಅದರ ತುಂಬ ಡೈರಿಗಳು. ಬ್ಯಾಂಕಿನವರು, ಎಲ್‌ಐಸಿಯವರು ಪುಕ್ಕಟೆ ಕೊಡುತ್ತಾರಲ್ಲ, ಅಂಥವು. ಒಂದನ್ನು ತೆಗೆದು ನೋಡಿದರೆ ಪುಟಗಳೆಲ್ಲ ಅರ್ಧ. ಹರಿದಿದ್ದಲ್ಲ, ಕತ್ತರಿ ಹಿಡಿದು ಮೇಲಿಂದ ಕೆಳಗೆ ನೀಟಾಗಿ ಕತ್ತರಿಸಿದ್ದು. ಎಡಗಡೆಯ ಹೆಸರುಗಳಷ್ಟೇ ಉಳಿದಿವೆ. ಬಲಗಡೆ ಏನಿತ್ತು ಅಂದೆ. “ಚಹಾ ಕುಡಿ ಮೊದಲ” ಅಂದರು.

ನಾನು ಅವರನ್ನು ಕೇಳಲು ಹೋಗಿದ್ದು ಒಂದೇ ಪ್ರಶ್ನೆ. ನಮ್ಮ ಈ ಊರುಗಳು ನಗರಗಳಾಗುತ್ತಿವೆ. 2011ರ ಜನಗಣತಿಯಲ್ಲೇ ಕಲಬುರಗಿ ನಗರದ ಜನಸಂಖ್ಯೆ 5.3 ಲಕ್ಷ ದಾಟಿತ್ತು, ಬೀದರ್ ನಗರ 2 ಲಕ್ಷ ದಾಟಿತ್ತು. ಹಳ್ಳಿಯ ಕೇರಿಯಿಂದ ಬಂದ ಬಡವರು ಇಲ್ಲಿ ಕೊಳಗೇರಿಗೆ ಸೇರುತ್ತಿದ್ದಾರೆ. ನಗರದ ಬಡವರ ಜೊತೆ ನಿಲ್ಲುವುದೇ ತನ್ನ ಹುಟ್ಟು ಕೆಲಸ ಅಂದುಕೊಂಡ ಚರ್ಚು ಈ ಊರುಗಳಲ್ಲಿ ಯಾಕೆ ಇಷ್ಟು ಸುಮ್ಮನಿದೆ? ಶಾಲೆ ನಡೆಸುತ್ತದೆ, ದವಾಖಾನೆ ನಡೆಸುತ್ತದೆ, ಕ್ರಿಸ್‌ಮಸ್‌ಗೆ ಸೀರೆ ಹಂಚುತ್ತದೆ. ನ್ಯಾಯದ ಮಾತು ಬಂದಾಗ ಮಾತ್ರ ಬಾಯಿ ಕಟ್ಟುತ್ತದೆ. ಹೆದರಿಕೆಯೋ, ಸೋಮಾರಿತನವೋ?

ಎರಡೂ ಸ್ವಲ್ಪ ಸ್ವಲ್ಪ ಇದೆ ಅಂತ ಅಜ್ಜ ಒಪ್ಪಿಕೊಂಡರು. ಆದರೆ ಅಸಲಿ ಕಾರಣ ಬೇರೆ, ಅದು ಒಂದು ಕಾಗದ ಅಂದರು. ಜಾತಿ ಪ್ರಮಾಣಪತ್ರ.

ಮೊದಲು ‘ನಗರ ಮಿಷನ್’ ಅನ್ನುವ ಮಾತಿನ ಮೂಲ ನೋಡೋಣ. ಮೆಥೋಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿ ಇಂಗ್ಲೆಂಡಿನವರು. 1739ರಲ್ಲಿ ಬ್ರಿಸ್ಟಲ್ ಊರಿನ ಹೊರಗೆ ಬಯಲಲ್ಲಿ ನಿಂತು ಮಾತಾಡಲು ಶುರು ಮಾಡಿದರು. ಕೇಳಲು ಬಂದವರು ಕಿಂಗ್ಸ್‌ವುಡ್‌ನ ಕಲ್ಲಿದ್ದಲು ಗಣಿಯ ಕೂಲಿಗಳು. ಅವರಿಗೆ ಚರ್ಚಿನೊಳಗೆ ಜಾಗವೂ ಇರಲಿಲ್ಲ, ಗೌರವವೂ ಇರಲಿಲ್ಲ. 1774ರಲ್ಲಿ ವೆಸ್ಲಿ ಗುಲಾಮಗಿರಿಯ ವಿರುದ್ಧ ಬರೆದರು. 1908ರಲ್ಲಿ ಅಮೆರಿಕದ ಮೆಥೋಡಿಸ್ಟರು ‘ಸಾಮಾಜಿಕ ವಿಶ್ವಾಸ ಪ್ರಮಾಣ’ ಅಂತ ಒಂದು ಪಟ್ಟಿ ಹೊರಡಿಸಿದರು. ಮಕ್ಕಳ ದುಡಿಮೆ ನಿಲ್ಲಬೇಕು, ಕೆಲಸದ ಗಂಟೆ ಕಡಿಮೆಯಾಗಬೇಕು, ವಾರಕ್ಕೊಂದು ರಜೆ ಬೇಕು, ಬದುಕುವಷ್ಟು ಕೂಲಿ ಬೇಕು. ಕಾರ್ಮಿಕ ಸಂಘದ ಕರಪತ್ರದಂತಿದೆ, ಅಲ್ವಾ?

ನಮ್ಮ ಕಡೆಗೆ ಬಂದವರು ಇದೇ ಅಮೆರಿಕದ ಮೆಥೋಡಿಸ್ಟರು. ಆಗ ಇದು ನಿಜಾಮರ ಸೀಮೆ. ಬೀದರ್ ಸುತ್ತಲಿನ ಹಳ್ಳಿಗಳಲ್ಲಿ ಇವರ ಮಾತು ಕೇಳಿದವರು ಹೆಚ್ಚಾಗಿ ಮಾದಿಗರು, ಹೊಲೆಯರು. ಒಬ್ಬೊಬ್ಬರಾಗಿ ಬರಲಿಲ್ಲ, ಕೇರಿಗೆ ಕೇರಿಯೇ ಬಂತು. ಹಾಗಾಗಿಯೇ ಇವತ್ತಿಗೂ ಬೀದರ್ ಜಿಲ್ಲೆಯಲ್ಲಿ ಕ್ರೈಸ್ತರ ಪ್ರಮಾಣ ರಾಜ್ಯದ ಸರಾಸರಿಗಿಂತ ಜಾಸ್ತಿ. 2011ರ ಲೆಕ್ಕದಲ್ಲಿ ಆ ಸರಾಸರಿ ಶೇ 1.87. ಭಾರತದ ಮೆಥೋಡಿಸ್ಟ್ ಚರ್ಚು ಅಮೆರಿಕದಿಂದ ಬೇರೆಯಾಗಿ ಸ್ವತಂತ್ರವಾದದ್ದು 1981ರಲ್ಲಿ. ಅಜ್ಜ ಆಗ ಬೆಂಗಳೂರಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನ ವಿದ್ಯಾರ್ಥಿ. ಅದೇ ವರ್ಷ ಅದೇ ಕಾಲೇಜಿನಲ್ಲಿ ದೈವಶಾಸ್ತ್ರಜ್ಞ ಎ.ಪಿ. ನಿರ್ಮಲ್ ಮಾಡಿದ ಭಾಷಣದಿಂದ ದಲಿತ ದೈವಶಾಸ್ತ್ರ ಅನ್ನುವ ಹೊಸ ದಾರಿ ಶುರುವಾಯಿತು ಅಂತ ಹೇಳುತ್ತಾರೆ. “ನಾವೆಲ್ಲ ಬಿಸಿರಕ್ತದ ಹುಡುಗ್ರು. ಊರಿಗಿ ಹೋಗಿ ಎಲ್ಲಾ ಉಲ್ಟಾ ಮಾಡ್ತೀವಿ ಅನ್ಕೊಂಡಿದ್ವಿ. ಬಂದ್ ಮೊದಲ್ನೇ ವರ್ಷ ಮಾಡಿದ್ದೇನು? ಬೋರ್ ಹೊಡ್ಸಿದ್ದು.”

ಈ ಬೋರಿನ ಕತೆಯನ್ನು ಅವರು ಬಹಳ ಹೊತ್ತು ಹೇಳಿದರು. ಊರು ಯಾವುದು ಅನ್ನೋದು ಬೇಡ. ಪಟ್ಟಣದ ಅಂಚಿನ ಒಂದು ಕೇರಿ. ಸುಮಾರು ತೊಂಬತ್ತು ಮನೆ. ನಲ್ಲಿ ಇಲ್ಲ. ಹೆಂಗಸರು ಬೆಳಗಿನ ಜಾವ ನಾಲ್ಕಕ್ಕೆ ಕೊಡ ಹಿಡಿದು ಪಕ್ಕದ ಬಡಾವಣೆಗೆ ಹೋಗಬೇಕು. ಅಲ್ಲಿಯವರು ಕೊಟ್ಟರೆ ಉಂಟು. ಅದೂ ಮೇಲಿಂದ ಸುರಿಯುತ್ತಾರೆ, ಕೊಡ ತಾಕಬಾರದು. ಯುವ ಪಾಸ್ಟರಿಗೆ ಸಿಟ್ಟು ಬಂತು. ದೇಣಿಗೆ ಕೂಡಿಸಿ ಕೇರಿಯ ನಡುವೆ ಬೋರ್‌ವೆಲ್ ಹಾಕಿಸಿದರು, ಕೈಪಂಪು ಕೂರಿಸಿದರು. ನೀರು ಬಂದ ದಿನ ಸಭೆಯವರೆಲ್ಲ, ಅಂದರೆ ಚರ್ಚಿಗೆ ಬರುವವರೆಲ್ಲ, ಹಾಡಿ, ಪಾಯಸ ಹಂಚಿದರು.

ಒಂದು ವರ್ಷದೊಳಗೆ ಎರಡು ಸಂಗತಿ ಆದವು. ಮೊದಲನೆಯದು, ಅದಕ್ಕೆ ‘ಚರ್ಚಿನ ಬೋರು’ ಅಂತ ಹೆಸರು ಬಿತ್ತು. ಕೇರಿಯಲ್ಲಿ ಕ್ರೈಸ್ತರಲ್ಲದ ಮನೆಗಳೂ ಇದ್ದವು. ಅವರು ನೀರು ತುಂಬಿಕೊಂಡರೆ ‘ಅಲ್ಲಿಗೆ ಸೇರಿದ್ರಾ?’ ಅಂತ ಊರಲ್ಲಿ ಕೇಳತೊಡಗಿದರು. ಎರಡನೆಯದು ಇನ್ನೂ ಕೆಟ್ಟದ್ದು. ಪಟ್ಟಣಕ್ಕೆ ಹೊಸ ಕೊಳವೆ ಸಾಲು ಬಂದಾಗ ಕಚೇರಿಯವರು ಈ ಕೇರಿಯ ಹೆಸರು ಹೊಡೆದು ಹಾಕಿದರು. ಯಾಕ್ರೀ ಅಂದರೆ, “ನಿಮ್ಮಲ್ಲಿ ನೀರದಲ್ಲ ಪಾಸ್ಟರ್ರೇ.” ಮೂರನೇ ಬೇಸಿಗೆಗೆ ಬೋರು ಬತ್ತಿತು. ಆಗ ಕೇರಿಗೆ ಬೋರೂ ಇಲ್ಲ, ನಲ್ಲಿಯೂ ಇಲ್ಲ.

“ನಾ ನೀರು ಕೊಟ್ಟೆ ಅಂತ ತಿಳ್ಕೊಂಡಿದ್ದೆ. ನಾ ಅವರ ನಲ್ಲಿ ಕಸ್ಕೊಂಡಿದ್ದೆ ತಮ್ಮಾ.”

ಸೇವೆಗೂ ನ್ಯಾಯಕ್ಕೂ ಇರುವ ಅಂತರದ ಬಗ್ಗೆ ದೊಡ್ಡ ದೊಡ್ಡ ಮಾತು ಕೇಳಿದ್ದೇನೆ. ಈ ಒಣಗಿದ ಕೈಪಂಪಿನಷ್ಟು ಸಲೀಸಾಗಿ ಯಾವುದೂ ನನಗೆ ತಿಳಿಸಿಲ್ಲ. ಸರ್ಕಾರ ಮಾಡಬೇಕಾದ ಕೆಲಸವನ್ನು ಚರ್ಚು ಮಾಡಿಬಿಟ್ಟರೆ ಸರ್ಕಾರ ಕೈ ತೊಳೆದುಕೊಳ್ಳುತ್ತದೆ. ಮಠವಾಗಲಿ, ದರ್ಗಾ ಕಮಿಟಿಯಾಗಲಿ, ಎನ್‌ಜಿಒ ಆಗಲಿ, ಎಲ್ಲರಿಗೂ ಇದೇ ಪಾಡು.

ಹಾಗಾದರೆ ಮುಂದಿನ ಸಲ ಚರ್ಚು ನೇರವಾಗಿ ಹಕ್ಕು ಕೇಳಬಹುದಿತ್ತಲ್ಲ? ಸಭೆಯವರನ್ನು ಕಟ್ಟಿಕೊಂಡು ತಹಶೀಲ್ದಾರ್ ಕಚೇರಿ ಮುಂದೆ ಕೂರಬಹುದಿತ್ತು. ಇಲ್ಲಿ ಆ ಕಾಗದ ಅಡ್ಡ ಬರುತ್ತದೆ.

1950ರ ಪರಿಶಿಷ್ಟ ಜಾತಿಗಳ ಆದೇಶ ಅಂತ ಒಂದಿದೆ. ಯಾವ ಜಾತಿಗಳು ಪರಿಶಿಷ್ಟ ಅಂತ ಪಟ್ಟಿ ಮಾಡುವ ರಾಷ್ಟ್ರಪತಿಗಳ ಆದೇಶ ಅದು. ಅದರ ಮೂರನೇ ಪ್ಯಾರಾ ಹಿಂದೂ ಅಲ್ಲದವರನ್ನು ಪರಿಶಿಷ್ಟ ಜಾತಿಯವರು ಅಂತ ಪರಿಗಣಿಸುವ ಹಾಗಿಲ್ಲ ಅಂದಿತ್ತು. 1956ರಲ್ಲಿ ಸಿಖ್ಖರನ್ನು ಸೇರಿಸಿದರು, 1990ರಲ್ಲಿ ಬೌದ್ಧರನ್ನು. ಕ್ರೈಸ್ತರು, ಮುಸ್ಲಿಮರು ಇವತ್ತಿಗೂ ಹೊರಗೆ. ಕಲಬುರಗಿಯ ಬುದ್ಧ ವಿಹಾರಕ್ಕೆ ಹೋಗುವ ದಲಿತ ಕುಟುಂಬದ ಪ್ರಮಾಣಪತ್ರ ಹಾಗೇ ಇರುತ್ತದೆ. ಅದೇ ಕೇರಿಯ, ಅದೇ ಸೋದರಸಂಬಂಧದ ಇನ್ನೊಂದು ಕುಟುಂಬ ಚರ್ಚಿಗೆ ಹೋದರೆ ಪ್ರಮಾಣಪತ್ರ ಹೋಗುತ್ತದೆ. ಹಾಗಂತ ಬೌದ್ಧರಿಗೂ ಇದು ಸುಲಭಕ್ಕೆ ಸಿಗಲಿಲ್ಲ. ಅಂಬೇಡ್ಕರ್ ನಾಗಪುರದಲ್ಲಿ ದೀಕ್ಷೆ ತೆಗೆದುಕೊಂಡದ್ದು 1956ರಲ್ಲಿ. ಅಲ್ಲಿಂದ 34 ವರ್ಷ ಕಾಯಬೇಕಾಯಿತು.

ಹೋಗುವುದು ಏನೇನು? ಓದಿನಲ್ಲಿ, ಕೆಲಸದಲ್ಲಿ ಮೀಸಲಾತಿ. ಚುನಾವಣೆಯಲ್ಲಿ ಮೀಸಲು ಕ್ಷೇತ್ರ. ಔರಾದ್, ಚಿಂಚೋಳಿ, ಚಿತ್ತಾಪುರ, ಕಲಬುರಗಿ ಗ್ರಾಮೀಣ ಎಲ್ಲ ಮೀಸಲು ಕ್ಷೇತ್ರಗಳೇ. 1989ರ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆಯೂ ಹೋಗುತ್ತದೆ. ಜಾತಿ ಹೆಸರು ಹಿಡಿದು ಬೈದ ಅಂತ ದೂರು ಕೊಟ್ಟ ಒಬ್ಬ ಪಾಸ್ಟರಿಗೆ ಆಂಧ್ರಪ್ರದೇಶ ಹೈಕೋರ್ಟು 2025ರ ಏಪ್ರಿಲ್‌ನಲ್ಲಿ ಹೇಳಿದ್ದು ಇದನ್ನೇ. ಮತ ಬದಲಿಸಿದ ಮೇಲೆ ಈ ಕಾಯ್ದೆ ನಿಮಗಿಲ್ಲ. ಬೈಯುವವನು ಇವನ ಧರ್ಮ ಕೇಳಿ ಬೈದಿರಲಿಲ್ಲ ಅನ್ನೋದು ಬೇರೆ ಮಾತು.

ಕರ್ನಾಟಕದಲ್ಲಿ ಒಂದು ಸಣ್ಣ ದಾರಿ ಇದೆ. ಕ್ರೈಸ್ತರಾದ ಪರಿಶಿಷ್ಟರನ್ನು ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿ ಇಟ್ಟಿದ್ದಾರೆ. ಉಳಿದ ಕ್ರೈಸ್ತರು 3ಬಿಯಲ್ಲಿ. ಪ್ರವರ್ಗ 1ಕ್ಕೆ ಇರುವುದು ಶೇ 4. ಪರಿಶಿಷ್ಟ ಜಾತಿಗೆ ಶೇ 17. ಎರಡೂ ಕಡೆ ಹಂಚಿಕೊಳ್ಳುವವರು ಬೇಕಾದಷ್ಟು ಮಂದಿ ಇದ್ದಾರೆ, ಸುಮ್ನೆ 4 ಮತ್ತು 17 ಇಟ್ಟು ಹೋಲಿಸಿದರೆ ಮೋಸ ಆಗುತ್ತದೆ. ಆದರೂ ಯಾವ ಅಪ್ಪ ಅಮ್ಮ ಮಗಳ ಸೀಟಿಗಾಗಿ ಯಾವ ಕಾಗದ ಆರಿಸುತ್ತಾರೆ ಅನ್ನೋದಕ್ಕೆ ಸಮೀಕ್ಷೆ ಬೇಕಿಲ್ಲ.

ಹಾಗಾಗಿ ಎರಡು ಹೆಸರು. ಸಭೆಯಲ್ಲಿ ಒಂದು, ಶಾಲೆಯಲ್ಲಿ ಒಂದು. ಭಾನುವಾರ ಒಬ್ಬ, ಸೋಮವಾರ ಇನ್ನೊಬ್ಬ. ಅಜ್ಜನ ಡೈರಿಯ ಎಡಗಡೆ ಇದ್ದದ್ದು ದೀಕ್ಷಾಸ್ನಾನದ (ಬ್ಯಾಪ್ಟಿಸಮ್ಮಿನ) ಹೆಸರು. ಬಲಗಡೆ ಶಾಲೆಯ ಹೆಸರು, ಯಾವ ಕಚೇರಿಯಲ್ಲಿ ಕೆಲಸ ಅನ್ನುವ ವಿವರ. ಆಸ್ಪತ್ರೆಗೆ ಸೇರಿದಾಗ ಹುಡುಕಿಕೊಂಡು ಹೋಗಲು, ಸಾವಾದಾಗ ಸುದ್ದಿ ಮುಟ್ಟಿಸಲು ಎರಡೂ ಬೇಕಾಗುತ್ತಿತ್ತು. ಆಸ್ಪತ್ರೆಯ ಚೀಟಿಯಲ್ಲಿ ಚರ್ಚಿನ ಹೆಸರು ಇರೋದಿಲ್ಲವಲ್ಲ.

ಬಲಗಡೆಯನ್ನು ಕತ್ತರಿಸಿದ್ದು 2024ರ ನವೆಂಬರಿನಲ್ಲಿ. ಆ ತಿಂಗಳು ಸುಪ್ರೀಂ ಕೋರ್ಟು ಪುದುಚೇರಿಯ ಒಂದು ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಕ್ಲರ್ಕ್ ಹುದ್ದೆಗೆ ಪರಿಶಿಷ್ಟ ಜಾತಿ ಪ್ರಮಾಣಪತ್ರ ಕೇಳಿದ ಹೆಣ್ಣುಮಗಳು ಮಗುವಾಗಿದ್ದಾಗಲೇ ದೀಕ್ಷಾಸ್ನಾನ ಪಡೆದಿದ್ದಳು. ನಾನು ಹಿಂದೂ ಅಂತ ಆಕೆ ಹೇಳಿದ್ದನ್ನು ಕೋರ್ಟು ಒಪ್ಪಲಿಲ್ಲ. ನಂಬಿಕೆ ಇಲ್ಲದೆ ಬರೀ ಮೀಸಲಾತಿಗೋಸ್ಕರ ಧರ್ಮ ಹೇಳುವುದು ಸಂವಿಧಾನಕ್ಕೆ ಮಾಡುವ ಮೋಸ ಅಂದಿತು. ಆಕೆಯ ದೀಕ್ಷಾಸ್ನಾನದ ದಾಖಲೆಯೂ ಆಕೆಯ ವಿರುದ್ಧ ಸಾಕ್ಷಿಯಾಯಿತು. ಪೇಪರಿನಲ್ಲಿ ಓದಿದ ಅಜ್ಜ ಟ್ರಂಕು ಎಳೆದರು, ಹೆಂಡತಿಯ ಹೊಲಿಗೆ ಕತ್ತರಿ ತಂದರು. ಎರಡು ರಾತ್ರಿ ಹಿಡಿಯಿತಂತೆ.

ಈಗ ಅವರ ಹೆಸರನ್ನು ಯಾಕೆ ಬರೆಯಲಿಲ್ಲ ಅಂತ ಗೊತ್ತಾಯಿತಲ್ಲ. ಅವರ ಹೆಸರು ಹೇಳಿದರೆ ಸಭೆ ಗೊತ್ತಾಗುತ್ತದೆ. ಸಭೆ ಗೊತ್ತಾದರೆ ಯಾರ ಯಾರ ಕೆಲಸಕ್ಕೋ ಕುತ್ತು. ಚರ್ಚಿನ ಮೌನ ಹುಟ್ಟುವುದೂ ಇಲ್ಲೇ. ಕೊಳಗೇರಿಯ ಜನರನ್ನು ಕಟ್ಟಿಕೊಂಡು, ಪಾದ್ರಿಗಳ ಬಿಳಿ ಕಾಲರ್ ಹಾಕಿಕೊಂಡು ಪಾಸ್ಟರ್ ಬೀದಿಗಿಳಿದರೆ ಅವರೆಲ್ಲ ‘ಇವನ ಸಭೆಯವರು’ ಅಂತ ಫೋಟೋ ಸಮೇತ ದಾಖಲಾಗುತ್ತದೆ. ಯಾರಿಗಾಗಿ ನ್ಯಾಯ ಕೇಳಬೇಕೋ ಅವರನ್ನೇ ಹಿಡಿದುಕೊಟ್ಟಂತೆ. ಅದಕ್ಕೇ ಶಾಲೆ, ದವಾಖಾನೆ, ಸೀರೆ. ಅಲ್ಲಿ ಯಾರ ಹೆಸರನ್ನೂ ಬರೆದುಕೊಡಬೇಕಾಗಿಲ್ಲ.

ಅದಕ್ಕೂ ಈಗ ಕಲ್ಲು ಬಿದ್ದಿದೆ. ರಾಜ್ಯದ 2022ರ ಮತಾಂತರ ಕಾಯ್ದೆಯಲ್ಲಿ ‘ಆಮಿಷ’ ಅನ್ನೋದಕ್ಕೆ ಕೊಟ್ಟ ಅರ್ಥದೊಳಗೆ ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಪುಕ್ಕಟೆ ಓದಿಸುವುದೂ ಬರುತ್ತದೆ, ಕೆಲಸ ಕೊಡಿಸುವುದೂ ಬರುತ್ತದೆ. ದಲಿತರನ್ನು, ಹೆಂಗಸರನ್ನು ಹಾಗೆ ಮತಾಂತರ ಮಾಡಿದರೆ ಶಿಕ್ಷೆ ಇನ್ನೂ ಜಾಸ್ತಿ, 10 ವರ್ಷದವರೆಗೆ. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಇದನ್ನು ರದ್ದು ಮಾಡುವ ತೀರ್ಮಾನ ಮಾಡಿತು. ಆದರೆ ಒಮ್ಮೆ ಬಿದ್ದ ಅನುಮಾನ ಸಂಪುಟದ ತೀರ್ಮಾನಕ್ಕೆ ಹೋಗುವಂಥದ್ದಲ್ಲ.

ಎದುರು ವಾದವೂ ಇದೆ, ಗಟ್ಟಿಯಾಗಿಯೇ ಇದೆ. ಕ್ರೈಸ್ತ ಧರ್ಮದಲ್ಲಿ ಜಾತಿ ಇಲ್ಲ ಅಂತ ನೀವೇ ಸಾರುತ್ತೀರಿ, ಮತ್ತೆ ಜಾತಿಯ ಪಾಲು ಯಾಕೆ ಕೇಳುತ್ತೀರಿ? ಈ ಪ್ರಶ್ನೆಗೆ ಚರ್ಚಿನ ಹಿರಿಯರು ತಡವರಿಸುತ್ತಾರೆ. ಅಜ್ಜ ತಡವರಿಸಲಿಲ್ಲ. ಮದುವೆ ಸಂಬಂಧ ನೋಡುವಾಗ ಎಡಗೈಯಾ ಬಲಗೈಯಾ (ಮಾದಿಗರಾ ಹೊಲೆಯರಾ) ಅಂತ ಕೇಳುವ ಹಿರಿಯರನ್ನು ತಾವು ಪ್ರತಿ ಸಭೆಯಲ್ಲೂ ನೋಡಿದ್ದಾಗಿ ಹೇಳಿದರು. ಇನ್ನೊಂದು ವಾದ ಹಿಂದೂ ದಲಿತರದ್ದು. ಇರುವ ರೊಟ್ಟಿಯೇ ಚಿಕ್ಕದು, ಪಾಲು ಕೇಳುವವರು ಇನ್ನೂ ಬಂದರೆ ಹೇಗೆ? ಮಿಷನ್ ಶಾಲೆಯಲ್ಲಿ ಮೂರು ತಲೆಮಾರು ಓದಿದವರು ಬಂದು ಸಾಲಿನಲ್ಲಿ ಮುಂದೆ ನಿಂತರೆ? ಇದು ಸುಳ್ಳು ಹೆದರಿಕೆ ಅಂತ ನಾನು ಹೇಳಲಾರೆ.

ರಾಜ್ಯದಲ್ಲಿ ಒಳಮೀಸಲಾತಿ ಬಂದ ಮೇಲೆ ಇದು ಇನ್ನಷ್ಟು ಬಿಗಿಯಾಗಿದೆ. ನಾಗಮೋಹನ್ ದಾಸ್ ಆಯೋಗದ ವರದಿ ಆದ ಮೇಲೆ 2025ರ ಆಗಸ್ಟ್‌ನಲ್ಲಿ ಸರ್ಕಾರ ಶೇ 17ನ್ನು ಪರಿಶಿಷ್ಟ ಜಾತಿಗಳ ಮೂರು ಗುಂಪಿಗೆ 6, 6, 5 ಅಂತ ಹಂಚಲು ತೀರ್ಮಾನಿಸಿತು. ಇನ್ನು ಮೇಲೆ ತಲೆ ಎಣಿಕೆಯೇ ಪಾಲು. ಒಂದು ಮಾದಿಗ ಮನೆ ‘ಕ್ರೈಸ್ತ’ ಅಂತ ಬರೆಸಿದರೆ ಅಷ್ಟು ತಲೆ ಕಡಿಮೆ. ಅದರ ಮುಂದಿನ ತಿಂಗಳೇ ಶುರುವಾದ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಯಲ್ಲಿ ಜಾತಿ ಹೆಸರಿನ ಜೊತೆ ಕ್ರಿಶ್ಚಿಯನ್ ಅಂತ ಸೇರಿಸಿದ ಹೆಸರುಗಳು ಪಟ್ಟಿಯಲ್ಲಿದ್ದದ್ದು ದೊಡ್ಡ ಗಲಾಟೆಯಾಯಿತು. ಆ ಹೆಸರುಗಳನ್ನು ಆ್ಯಪ್‌ನಲ್ಲಿ ಕಾಣದಂತೆ ಮಾಡಬೇಕಾಯಿತು. ಕೇಂದ್ರದಲ್ಲಿ ರಂಗನಾಥ ಮಿಶ್ರಾ ಆಯೋಗ 2007ರಲ್ಲೇ ಧರ್ಮದ ಷರತ್ತು ತೆಗೆಯಿರಿ ಅಂದಿತ್ತು. ಅದು ಮೂಲೆಗೆ ಬಿತ್ತು. 2022ರ ಅಕ್ಟೋಬರ್‌ನಲ್ಲಿ ಕೆ.ಜಿ. ಬಾಲಕೃಷ್ಣನ್ ಆಯೋಗ ನೇಮಿಸಿ ಎರಡು ವರ್ಷದಲ್ಲಿ ವರದಿ ಕೊಡಿ ಅಂದರು. ಗಡುವು ಮುಂದಕ್ಕೆ ಹೋಯಿತು. 2027ರ ಮಾರ್ಚ್ 1ನ್ನು ಆಧಾರ ದಿನವಾಗಿ ಇಟ್ಟುಕೊಂಡ ಜನಗಣತಿಯಲ್ಲಿ ಎಲ್ಲರ ಜಾತಿಯನ್ನೂ ಬರೆದುಕೊಳ್ಳುತ್ತಾರೆ. ಅಂದರೆ ಬಾಗಿಲಿಗೆ ಬಂದವರಿಗೆ ಎರಡು ಹೆಸರಿನಲ್ಲಿ ಒಂದನ್ನು ಹೇಳಲೇಬೇಕು.

ಅಜ್ಜ ಬೋರಿನ ಕತೆಯನ್ನು ಅಲ್ಲಿಗೇ ಬಿಡಲಿಲ್ಲ. ನನಗೆ ಹೆಚ್ಚು ಕೆಲಸಕ್ಕೆ ಬಂದದ್ದು ಅದರ ಎರಡನೇ ಭಾಗ.

ಬೋರು ಬತ್ತಿದ ವರ್ಷ ಅವರು ಬೇರೆ ದಾರಿ ಹಿಡಿದರು. ಕೇರಿಯ ಮಗ್ಗುಲಿಗೆ ಒಂದು ಮಸೀದಿ. ಅದರ ಉಸ್ತುವಾರಿ ನೋಡುವ ಮುತವಲ್ಲಿಯ ಹತ್ತಿರ ಹೋದರು, ಅವರ ಓಣಿಯಲ್ಲೂ ನಲ್ಲಿ ಇರಲಿಲ್ಲ. ದಲಿತ ಸಂಘರ್ಷ ಸಮಿತಿಯ ಹುಡುಗರನ್ನು ಕರೆದರು. ಆ ಹುಡುಗರಿಗೆ ಚರ್ಚು ಅಂದರೆ ಅಷ್ಟಕ್ಕಷ್ಟೆ. ಪಾಸ್ಟರ್ ಕಾಲರ್ ತೆಗೆದಿಟ್ಟು, ಸಾದಾ ಅಂಗಿ ಹಾಕಿಕೊಂಡು, ಅರ್ಜಿ ಬರೆಯುವ ಕೆಲಸ ಮಾತ್ರ ವಹಿಸಿಕೊಂಡರು. ಅರ್ಜಿಯಲ್ಲಿ ಜಾತಿ, ಧರ್ಮದ ಮಾತಿಲ್ಲ. ಕರ್ನಾಟಕದ 1973ರ ಕೊಳಗೇರಿ ಕಾಯ್ದೆಯಡಿ ಈ ಜಾಗವನ್ನು ಕೊಳಗೇರಿ ಅಂತ ಘೋಷಿಸಿ, ನೀರು, ಚರಂಡಿ, ದೀಪ ಕೊಡಿ ಅಂತಷ್ಟೇ ಇತ್ತು. ಮುಂದೆ ನಿಂತವರು ಹೆಂಗಸರು. ಖಾಲಿ ಕೊಡಗಳನ್ನು ಕಚೇರಿಯ ಮೆಟ್ಟಿಲ ಮೇಲೆ ಸಾಲಾಗಿ ಇಟ್ಟರು. ಯಾವ ಕೊಡ ಯಾರದ್ದು ಅಂತ ಹೇಳಲು ಆಗುವ ಹಾಗಿರಲಿಲ್ಲ. ಘೋಷಣೆ ಆಗಲು ನಾಲ್ಕು ವರ್ಷ ಹಿಡಿಯಿತು. ಅಷ್ಟರಲ್ಲಿ ಅವರಿಗೆ ವರ್ಗವಾಗಿತ್ತು. ನಲ್ಲಿ ಬಂದ ಸುದ್ದಿ ಅವರಿಗೆ ಯಾದಗಿರಿಯಲ್ಲಿ ಪೋಸ್ಟ್ ಕಾರ್ಡಿನಲ್ಲಿ ಮುಟ್ಟಿತು.

ಆಮೇಲೆ ಅವರು ಒಂದು ಪಟ್ಟಿಯನ್ನೇ ಮಾಡಿಕೊಂಡರು. ಧರ್ಮ ಕೇಳದ ಕಾಯ್ದೆಗಳು. ಕಟ್ಟಡ ಕಾರ್ಮಿಕರ 1996ರ ಕಾಯ್ದೆ (2025ರ ನವೆಂಬರಿನಲ್ಲಿ ಅದು ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿತು): ವರ್ಷಕ್ಕೆ 90 ದಿನ ಕೆಲಸ ಮಾಡಿದವನಿಗೆ ಕಾರ್ಡು ಸಿಗುತ್ತದೆ. ನಮ್ಮ ಭಾಗದಿಂದ ಬೆಂಗಳೂರು, ಹೈದರಾಬಾದ್, ಪುಣೆಗೆ ಗುಳೆ ಹೋಗುವವರಿಗೆ ಇದು ಅನ್ನದ ಮಾತು. ಮಲ ಹೊರುವ ಪದ್ಧತಿ ನಿಷೇಧದ 2013ರ ಕಾಯ್ದೆ: ರಕ್ಷಣಾ ಸಾಧನ ಕೊಡದೆ ಮ್ಯಾನ್‌ಹೋಲಿಗೆ ಇಳಿಸಿದವನು ಅಪರಾಧಿ, ಇಳಿದವನ ಧರ್ಮ ಯಾವುದಾದರೂ ಸರಿ. ಒಳಚರಂಡಿಯಲ್ಲಿ ಸತ್ತರೆ ಮನೆಯವರಿಗೆ 30 ಲಕ್ಷ ಕೊಡಬೇಕು ಅಂತ ಸುಪ್ರೀಂ ಕೋರ್ಟು 2023ರಲ್ಲಿ ಹೇಳಿತು. ಆಮೇಲೆ ಬೀದಿ ವ್ಯಾಪಾರಿಗಳ 2014ರ ಕಾಯ್ದೆ.

ಈ ಕೊನೆಯದರ ಬಗ್ಗೆ ಹೇಳುವಾಗ ಅಜ್ಜ ಎದ್ದು ಕೂತರು. 1980ರ ದಶಕದ ಮೊದಲಲ್ಲಿ ಮದ್ರಾಸಿನ ರಸ್ತೆ ಬದಿ ಕೂತು ಚಪ್ಪಲಿ ಹೊಲಿಯುವವರಿಗೆ ಸರ್ಕಾರ ಪುಕ್ಕಟೆ ಗೂಡಂಗಡಿ ಕೊಟ್ಟಿತು. ಸೂಸೈ ಅನ್ನುವವರ ಅಕ್ಕಪಕ್ಕದವರಿಗೆಲ್ಲ ಸಿಕ್ಕಿತು, ಅವರಿಗೆ ಸಿಗಲಿಲ್ಲ. ಕ್ರೈಸ್ತ ಅನ್ನುವುದೇ ಕಾರಣ. ಅದೇ ರಸ್ತೆ, ಅದೇ ಉಳಿ, ಅದೇ ಧೂಳು. ಸೂಸೈ ಸುಪ್ರೀಂ ಕೋರ್ಟಿಗೆ ಹೋದರು. ಮತ ಬದಲಿಸಿದ ಮೇಲೂ ಜಾತಿ ಉಳಿಯುತ್ತದೆ ಅಂದರೆ ಸಾಲದು, ಹೊಸ ಸಮುದಾಯದಲ್ಲೂ ಅದೇ ಕಷ್ಟ ಅಷ್ಟೇ ತೀವ್ರವಾಗಿದೆ ಅಂತ ತೋರಿಸಿ ಅಂತ 1985ರಲ್ಲಿ ಕೋರ್ಟು ಹೇಳಿತು. ಸೂಸೈ ಸೋತರು. ಈಗ 2014ರ ಕಾಯ್ದೆಯಲ್ಲಿ ಬೀದಿ ವ್ಯಾಪಾರಿಗಳ ಸಮೀಕ್ಷೆ ಮುಗಿಯುವವರೆಗೆ ಯಾರನ್ನೂ ಎಬ್ಬಿಸುವ ಹಾಗಿಲ್ಲ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ 40 ಮಂದಿ ವ್ಯಾಪಾರಿಗಳೇ ಇರಬೇಕು. “ಸೂಸೈ ಇವತ್ತು ಇಲ್ಲಿ ಚೌಬಾರಾ ಗೋಪುರದ ಕೆಳಗ ಕುಂತಿದ್ರ, ನೀ ಯಾವ ದೇವ್ರಿಗಿ ನಡ್ಕೋತಿ ಅಂತ ಯಾರೂ ಕೇಳಾಂಗಿಲ್ಲ. ಎಷ್ಟು ವರ್ಷದಿಂದ ಕುಂತಿ ಅಂತ ಕೇಳ್ತಾರ, ಅಷ್ಟೇ.”

ಚಪ್ಪಲಿ ಹೊಲಿಯುವವರ ಮಾತು ಬಂದರೆ ಬೀದರಿನಲ್ಲಿ ಹರಳಯ್ಯ ನೆನಪಾಗದೆ ಇರುತ್ತಾರಾ. ಇಲ್ಲಿಂದ ಬಸ್ಸಿನಲ್ಲಿ ಎರಡು ತಾಸಿನ ಬಸವಕಲ್ಯಾಣದಲ್ಲಿ ಅವರ ಗವಿ ಇದೆ. ಹನ್ನೆರಡನೇ ಶತಮಾನದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಗಿ ಕಲ್ಯಾಣ ಹೊತ್ತಿ ಉರಿದ ಕತೆ ಇಲ್ಲಿನ ಮಕ್ಕಳಿಗೂ ಗೊತ್ತು. ಅಜ್ಜ ಪ್ರಸಂಗ ಮಾಡುವಾಗ ಯೆಹೂದ ಪ್ರವಾದಿಗಳ ಜೊತೆ ಹರಳಯ್ಯನನ್ನೂ ಕರೆತರುತ್ತಿದ್ದರಂತೆ. ಕೆಲವು ಹಿರಿಯರು ಮೇಲಕ್ಕೆ ದೂರು ಬರೆದಿದ್ದರಂತೆ.

ಧರ್ಮ ಕೇಳದ ಕಾಯ್ದೆಗಳ ದಾರಿಗೂ ಮಿತಿ ಇದೆ, ಅದನ್ನು ನಾನು ಅವರಿಗೇ ಹೇಳಿದೆ. ನಲ್ಲಿ ಬರಬಹುದು, ಕಾರ್ಡು ಬರಬಹುದು. ಜಾತಿಯ ಕಾರಣಕ್ಕೆ ಬಾಡಿಗೆ ಮನೆ ಸಿಗದಿದ್ದಾಗ, ಹೊಡೆತ ಬಿದ್ದಾಗ, ಯಾವ ಕಾಯ್ದೆ? ಅಲ್ಲಿ ಮತ್ತೆ ಅದೇ ಕಾಗದಕ್ಕೆ ಬರಬೇಕು. ಮೂರನೇ ಪ್ಯಾರಾ ಹೋಗದೆ ಅದು ಬಗೆಹರಿಯುವುದಿಲ್ಲ. ಇನ್ನೊಂದು, ಕಾಲರ್ ತೆಗೆದಿಟ್ಟು ಹೋರಾಡುವ ಪಾಸ್ಟರ್ ಒಳ್ಳೆಯವನೇ. ಆದರೆ ಚರ್ಚು ಒಂದು ಸಂಸ್ಥೆಯಾಗಿ ಏನೂ ಮಾಡದೆ, ಒಬ್ಬಿಬ್ಬರು ಪಾಸ್ಟರುಗಳ ಅಂಗಿಯ ಹಿಂದೆ ಅಡಗಿ ಕೂತಂತಾಯಿತಲ್ಲ? ರಸ್ತೆಗೆ ಮುಖ ಮಾಡಿದ ಜಾಗದಲ್ಲಿ ಬಾಡಿಗೆ ಮಳಿಗೆ ಕಟ್ಟುವ ಉಮೇದು, ಅದೇ ರಸ್ತೆಯ ತಳ್ಳುಗಾಡಿಯವನ ಪರ ನಿಲ್ಲುವಾಗ ಎಲ್ಲಿ ಹೋಗುತ್ತದೆ?

ಅಜ್ಜ ಇದಕ್ಕೆ ಉತ್ತರ ಕೊಡಲಿಲ್ಲ. ಹೌದು ಅಂತಲೂ ಅನ್ನಲಿಲ್ಲ.

ಆಗಲೇ ಬಾಗಿಲಲ್ಲಿ ಒಬ್ಬ ಹುಡುಗ ಬಂದು ನಿಂತ. ಕೈಯಲ್ಲಿ ಪ್ರೆಸ್ಸಿನಿಂದ ತಂದ ಮದುವೆ ಕಾರ್ಡಿನ ಪ್ರೂಫ್. ಅವನಿಗೆ ಹೆಸರಿಟ್ಟವರು ಅಜ್ಜನೇ. ಒಂದು ಕಾರ್ಡು ಸಭೆಯವರಿಗೆ, ಇನ್ನೊಂದು ಆಫೀಸಿನವರಿಗೆ ಅಂತ ಎರಡು ಹೊಡೆಸುವ ಯೋಚನೆ ಮೊದಲಿತ್ತಂತೆ. ಈಗ ವಾಟ್ಸ್ಆ್ಯಪ್ ಕಾಲ. ಒಂದಕ್ಕೆ ಕಳಿಸಿದ್ದು ಇನ್ನೊಂದಕ್ಕೆ ಹೋಗೇ ಹೋಗುತ್ತದೆ. ಮೇಲಾಗಿ ಚರ್ಚಿನಲ್ಲಿ ಮದುವೆಯಾದರೆ 1872ರ ಕಾಯ್ದೆಯ ಪ್ರಕಾರ ದಾಖಲಾಗುತ್ತದೆ, ಅದು ಬಲಗಡೆಯ ಪುಟಕ್ಕಿಂತ ಗಟ್ಟಿ ಸಾಕ್ಷಿ. ಹುಡುಗ ಇದನ್ನೆಲ್ಲ ನನ್ನ ಕಡೆ ಒಮ್ಮೆ, ಅಜ್ಜನ ಕಡೆ ಒಮ್ಮೆ ನೋಡುತ್ತ, ತಗ್ಗಿದ ದನಿಯಲ್ಲಿ ಹೇಳಿದ.

“ಯಾವ ಹೆಸರು ಹಾಕ್ಲಿ ಅಜ್ಜಾ?”

ಅಜ್ಜ ಕನ್ನಡಕ ಹುಡುಕಿದರು. ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ಓದಿದರು. “ಹುಡುಗಿ ನಿನ್ನ ಏನಂತ ಕರೀತಾಳ?” ಅಂತ ಕೇಳಿದರು.

ಹುಡುಗನ ಮುಖ ಕೆಂಪಾಯಿತು. ಅದು ಎರಡರಲ್ಲಿ ಯಾವುದೂ ಆಗಿರಲಿಲ್ಲ.